ಎಡಗೆನ್ನೆಯ ಗಾಯ

"ಒಂದು ಮುರಿದ ಹಲ್ಲು ಮಾಡಿಕೊಡ್ತೀರಾ?"

ಹಲ್ಲಿನ ಲ್ಯಾಬಿನ ಬಾಗಿಲಲ್ಲಿ ನಿಂತವನ ಪ್ರಶ್ನೆ ಕೇಳಿ ಅವಳು ಕೈಯಲ್ಲಿದ್ದ ಅರ ಕೆಳಗಿಟ್ಟಳು. ಮುರಿದ ಹಲ್ಲು ಸರಿ ಮಾಡಿ ಅನ್ನುವವರನ್ನು ದಿನಾ ನೋಡುತ್ತಾಳೆ. ಮುರಿದದ್ದನ್ನೇ ಮಾಡಿಕೊಡಿ ಅನ್ನುವ ಆಸಾಮಿ ಇವನೇ ಮೊದಲು!

"ಯಾರಿಗೆ?"

"'ಬಾವಿಯೊಳಗಿನ ರಾಜ್ಯ' ಸೀರಿಯಲ್ಲಿನ ಕಾವಲುಗಾತಿಗೆ. ಎರಡನೇ ಸೀಸನ್ನಲ್ಲಿ ಅವಳ ಹಲ್ಲು ಮುರಿಯುತ್ತೆ. ಆ ನಟಿಯ ಹಲ್ಲಿನ ಮೇಲೆ ಹಾಕಿ ತೆಗೆಯೋ ಹಾಗಿರಬೇಕು. ಡಾಕ್ಟರು ಬಾಯಿ ಅಚ್ಚು ತೆಗೆದುಕೊಟ್ಟಿದ್ದಾರೆ."

ಆ ಸೀರಿಯಲ್ಲಿಗೆ ಮೂಲವಾದ ಪುಸ್ತಕದ ಆರೂ ಸಂಪುಟಗಳನ್ನು ರಟ್ಟು ಕಿತ್ತುಬರುವಷ್ಟು ಸಲ ಓದಿದವಳು ಅವಳು. ಎಷ್ಟು ದಿನದಿಂದ ಬೇಯುತ್ತಿತ್ತೋ, ಮಾತು ಉಕ್ಕಿ ಬಂತು.

"ಅಲ್ಲಾ ಸಾರ್, ಮೊದಲ ಸೀಸನ್ನಿನ ಕೊನೇ ಎಪಿಸೋಡಲ್ಲಿ ಕಾವಲುಗಾತಿ ಗಾಯ ಬಲಗೆನ್ನೆಗೆ ಹೇಗೆ ಹೋಯ್ತು? ಸಾಯೋವಾಗ ಅವರಮ್ಮ ಸವರಿದ್ದು ಎಡಗೆನ್ನೇನ. ಆ ಗಾಯ ಮುಟ್ಟಿಕೊಂಡೇ ಅವಳು ಬದುಕಿರೋದು! ಮೇಕಪ್ ಮಾಡಿದವನಿಗೆ ಇದ್ದಿದ್ದು ಕಣ್ಣಾ, ಗೋಲಿನಾ?"

ಅವನು ಅಚ್ಚಿನ ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ಕಣ್ಣೇ. ಮೇಕಪ್ ಮಾಡಿದ್ದು ನಾನು."

ಅಯ್ಯೋ ದೇವರೇ! ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು ಅವಳಿಗೆ.

ಅವನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿತ್ತು. ಸೀರಿಯಲ್ ಅಭಿಮಾನಿಗಳ ಆನ್‌ಲೈನ್ ಗುಂಪಿನಲ್ಲಿ 'ಹದ್ದಿನಕಣ್ಣು' ಅನ್ನುವ ಹೆಸರಲ್ಲಿ ಬರೆಯುವವಳು ಇವಳೇ. ಬಲಗೆನ್ನೆಯ ಆ ದೃಶ್ಯವನ್ನು ನಿಲ್ಲಿಸಿ, ಫೋಟೋ ತೆಗೆದು, "ಕುರುಡ ಮೇಕಪ್ಪಣ್ಣನಿಗೆ ಜೈ" ಅಂತ ಹಾಕಿದ್ದಳು. ಜನ ಬಿದ್ದು ಬಿದ್ದು ನಕ್ಕಿದ್ದರು. ಮೇಕಪ್ಪಣ್ಣ ಅನ್ನುವುದು ಗುಂಪಿನಲ್ಲಿ ಬೈಗುಳವೇ ಆಗಿಹೋಗಿತ್ತು.

ಹೇಳಿಬಿಡಲಾ? ಬೇಡ... ಹಲ್ಲು ಮಾಡಿಕೊಟ್ಟು ಕಳಿಸಿದರಾಯಿತು. ಮತ್ತೆ ಇವನ ಮುಖ ಯಾಕೆ ನೋಡುತ್ತೀನಿ!

ಆದರೆ ನೋಡಬೇಕಾಯಿತು. ಮೊದಲ ಹಲ್ಲು ದಪ್ಪವಾಯಿತು, ನಟಿಗೆ ಮಾತು ತೊದಲಿತು. ಎರಡನೆಯದು ಕ್ಯಾಮೆರಾ ಮುಂದೆ ಬಿಳಿಚಿಕೊಂಡಿತು. ಪ್ರತಿ ಸಲವೂ ಅವನು ಬಂದು ಎದುರಿನ ಸ್ಟೂಲಿನ ಮೇಲೆ ಕೂರುತ್ತಿದ್ದ. ಹಲ್ಲಿಗೆ ಕಂದುಬಣ್ಣ ಎಷ್ಟು ಹಚ್ಚಬೇಕು ಅಂತ ಇಬ್ಬರೂ ತಲೆಗೆ ತಲೆ ತಾಗಿಸಿ ವಾದ ಮಾಡುತ್ತಿದ್ದರು. ಅವನೂ ಆ ಪುಸ್ತಕದ ಹುಚ್ಚ ಅಂತ ಗೊತ್ತಾದ ಮೇಲೆ ಕೇಳಬೇಕೇ? ಮೂರನೇ ಸಂಪುಟ ಸಪ್ಪೆ ಅಂದ ಅವನು. ನಿಮಗೆ ತಲೆ ನೆಟ್ಟಗಿಲ್ಲ ಅಂದಳು ಇವಳು. ಮುಂಭಾಗದಲ್ಲಿ ಲ್ಯಾಬಿನ ವ್ಯವಹಾರ ನೋಡಿಕೊಳ್ಳುವ ಅವಳ ಅಕ್ಕ ಮುಸಿಮುಸಿ ನಗುತ್ತಿದ್ದಳು.

ಅವನು ಬಾರದ ದಿನ ಕೆಲಸ ಸಾಗುತ್ತಿರಲಿಲ್ಲ. ಯಾಕೆ ಅಂತ ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಅವನು ಇಷ್ಟವಾಗಿದ್ದ, ಅಷ್ಟೇ.

ಒಂದು ಸಂಜೆ ಅವನೇ ಮಾತು ತೆಗೆದ.

"ಈ ಹಲ್ಲೇ ನನ್ನ ಕೊನೇ ಕೆಲಸ ಅನ್ಸುತ್ತೆ."

"ಯಾಕೆ?"

"ಮೇಕಪ್ಪಣ್ಣನ ಮೇಲೆ ಜನ ಅಷ್ಟು ಉಗೀತಿರೋವಾಗ ಯಾರು ಇಟ್ಕೊಳ್ತಾರೆ ಹೇಳಿ. ಬೇರೆಯವರನ್ನ ನೋಡ್ತಿದ್ದಾರೆ. ನಾನು ಎಡಗೆನ್ನೆಗೇ ಹಚ್ಚಿದ್ದೆ ಅಂತ ನೆನಪು. ಆದ್ರೆ ಅವತ್ತು ಸೈನಿಕರ ದಂಡಿಗೇ ಮೇಕಪ್ ಮಾಡಿದ್ದೆ, ಕೈ ಸೋತಿತ್ತು. ಒಂದು ಫೋಟೋನೂ ತೆಗೀಲಿಲ್ಲ. ನನ್ನ ಮೇಲೆ ನನಗೇ ನಂಬಿಕೆ ಹೋಗಿದೆ."

ಈಗಲಾದರೂ ಹೇಳು, ಹೇಳಿಬಿಡು... ಬಾಯಿ ತೆರೆಯುವಷ್ಟರಲ್ಲಿ ಕಾಫಿ ಹಿಡಿದು ಬಂದ ಅಕ್ಕ ಹೆಮ್ಮೆಯಿಂದ ಅಂದಳು, "ಆ ಸೀರಿಯಲ್ ವಿಷಯಾನಾ? ನಮ್ಮ ಹುಡುಗಿ ಏನು ಕಮ್ಮಿ ಅನ್ಕೊಂಡ್ರಾ? 'ಹದ್ದಿನಕಣ್ಣು' ಅಂತ ಬರೆಯೋದು ಇವಳೇ ರೀ!"

ಅವನ ಮುಖದ ರಕ್ತವೇ ಇಂಗಿಹೋಯಿತು.

"ನೀವಾ?"

"ನಾನು... ಹೇಳಬೇಕು ಅಂತಾನೇ..."

"ಇಷ್ಟು ದಿನ ನನ್ನ ಎದುರಿಗೇ ಕೂತಿದ್ರಲ್ಲ. ಬೈದಿದ್ದಕ್ಕೆ ಬೇಜಾರಿಲ್ಲ. ಗೊತ್ತಿದ್ದೂ ಸುಮ್ಮನಿದ್ರಲ್ಲ, ಅದಕ್ಕೆ."

ಕಾಫಿ ಮುಟ್ಟದೆ ಎದ್ದು ಹೋದ. ಅಕ್ಕ ತಟ್ಟೆ ಹಿಡಿದುಕೊಂಡು, "ನಾನೇನು ತಪ್ಪು ಹೇಳಿದೆ?" ಅಂತ ಕಣ್ಣು ಕಣ್ಣು ಬಿಟ್ಟಳು.

ಮಾರನೆಯ ದಿನ ಬರಲಿಲ್ಲ. ಫೋನೂ ಎತ್ತಲಿಲ್ಲ. ಅವಳು ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ಕೆಲಸಕ್ಕೆ ಕೂತಳು. ಹಲ್ಲನ್ನಾದರೂ ಚೆನ್ನಾಗಿ ಮಾಡಿಕೊಡೋಣ ಅಂತ ನಟಿಯ ಬಾಯಿಯ ಪ್ಲಾಸ್ಟರ್ ಅಚ್ಚನ್ನು ಕೈಗೆ ತೆಗೆದುಕೊಂಡಳು. ಬಣ್ಣ ಹೊಂದಿಸಲು ಕೊನೆಯ ಎಪಿಸೋಡನ್ನು ಫೋನಿನಲ್ಲಿ ಹಾಕಿ, ಕಾವಲುಗಾತಿ ಬಾಯಿತೆರೆದು ಕಿರುಚುವಲ್ಲಿ ನಿಲ್ಲಿಸಿದಳು.

ಏನೋ ಸರಿಯಿಲ್ಲ...

ಅಚ್ಚಿನಲ್ಲಿ ಬಲಗಡೆಯ ಕೋರೆಹಲ್ಲು ಸ್ವಲ್ಪ ಮುಂದಕ್ಕೆ ಚಾಚಿತ್ತು. ಫೋನಿನಲ್ಲಿ ಅದೇ ಹಲ್ಲು ಎಡಗಡೆ! ಬೇರೆ ಎಪಿಸೋಡು ಹಾಕಿದಳು, ಬಲಗಡೆ. ಇನ್ನೊಂದು ಹಾಕಿದಳು, ಬಲಗಡೆಯೇ. ಮತ್ತೆ ಕೊನೆಯದು, ಎಡಗಡೆ. ಕತ್ತಿಯೂ ಎಡಸೊಂಟ ಬಿಟ್ಟು ಬಲಸೊಂಟದಲ್ಲಿ ತೂಗುತ್ತಿತ್ತು.

ಗಾಯ ಹಾಕಿದ್ದು ತಪ್ಪಲ್ಲ. ಎಡಿಟ್ ಮಾಡುವಾಗ ಯಾರೋ ಆ ದೃಶ್ಯವನ್ನೇ ಕನ್ನಡಿಯ ಹಾಗೆ ಎಡಬಲ ತಿರುಗಿಸಿದ್ದರು! ಬೈಗುಳ ಮೇಕಪ್ಪಿನವನ ಪಾಲಾದಾಗ ತೆಪ್ಪಗಿದ್ದರು. ಬಾಯಿಗಳನ್ನೇ ನೋಡಿಕೊಂಡು ಹೊಟ್ಟೆ ಹೊರೆಯುವ ತಾನು, ಗಾಯವನ್ನಷ್ಟೇ ನೋಡಿ ಬಾಯಿ ನೋಡಿರಲಿಲ್ಲ. ಥೂ, ಹದ್ದಂತೆ ಹದ್ದು!

ಅವಳು ತಡಮಾಡಲಿಲ್ಲ. ಎರಡು ದೃಶ್ಯಗಳನ್ನೂ ಅಕ್ಕಪಕ್ಕ ಇಟ್ಟು, ಈ ಸಲ ತನ್ನ ನಿಜವಾದ ಹೆಸರು, ಮುಖ, ಲ್ಯಾಬಿನ ವಿಳಾಸ ಸಮೇತ ಬರೆದಳು. "ತಪ್ಪು ನನ್ನದು. ಹಲ್ಲು ನೋಡಿ, ಕತ್ತಿ ನೋಡಿ. ದೃಶ್ಯ ತಿರುಗಿಸಿದ್ದಾರೆ. ಮೇಕಪ್ ಮಾಡಿದವರು ಗಾಯವನ್ನು ಪುಸ್ತಕದಲ್ಲಿ ಇದ್ದಲ್ಲೇ ಹಾಕಿದ್ದರು. ಒಬ್ಬರ ಅನ್ನ ಕಿತ್ತುಕೊಳ್ಳುವ ಹಾಗೆ ಬರೆದಿದ್ದಕ್ಕೆ ಎಲ್ಲರೆದುರು ಕ್ಷಮೆ ಕೇಳುತ್ತೇನೆ."

ಗುಂಪು ಅವಳ ಮೇಲೆ ಮುಗಿಬಿತ್ತು. ದುಡ್ಡು ತಿಂದಿದ್ದಾಳೆ ಅಂದರು. ಮೇಕಪ್ಪಣ್ಣನ ಹಿಂದೆ ಬಿದ್ದಿದ್ದಾಳೆ ಅಂದರು. ಈ ಎರಡನೆಯದು ನಿಜವಾದ್ದರಿಂದ ಅವಳು ಜಗಳಕ್ಕೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಒಬ್ಬೊಬ್ಬರೇ ತಾವೇ ನಿಲ್ಲಿಸಿ ನೋಡಿದರು. "ಹೌದಲ್ವೇನ್ರೋ!" ಅನ್ನುವ ಮಾತು ಶುರುವಾಯಿತು.

ಎರಡು ದಿನ ಬಿಟ್ಟು ಮಧ್ಯಾಹ್ನ ಅವನು ಬಂದ. ಅಕ್ಕ ಅವನನ್ನು ಕಂಡದ್ದೇ, ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

"ಕೆಲಸ ಉಳೀತು," ಅಂದ. "ಎಡಿಟರ್ ಒಪ್ಕೊಂಡ್ರು."

"ಒಳ್ಳೇದಾಯ್ತು." ಅವಳು ತಲೆ ಎತ್ತಲಿಲ್ಲ. "ಹಲ್ಲು ರೆಡಿ ಇದೆ, ತಗೊಂಡು ಹೋಗಿ."

"ಹಲ್ಲಿಗೆ ಬರಲಿಲ್ಲ. ಹೆಸರು ಯಾಕೆ ಹಾಕಿದ್ರಿ? ಹದ್ದಿನ ಹೆಸರಲ್ಲೇ ಬರೆದಿದ್ರೆ ಇಷ್ಟು ಬೈಗುಳ ತಿನ್ನಬೇಕಿರಲಿಲ್ಲ."

"ನಿಮ್ಮನ್ನ ಬೈದಾಗ ಮರೇಲಿ ನಿಂತಿದ್ದೆ. ಕ್ಷಮೆ ಕೇಳೋವಾಗಲೂ ಅಲ್ಲೇ ನಿಲ್ಲಲಾ?" ಈಗ ತಲೆ ಎತ್ತಿದಳು. "ಮೊದಲ ದಿನವೇ ಹೇಳಬೇಕಿತ್ತು. ಆಮೇಲೆ ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ ಭಯವಾಯ್ತು. ನೀವು ಅಂದ್ರೆ ನನಗೆ ಅಷ್ಟು ಇಷ್ಟ. ಸಾಕಾ? ಈಗ ಹೋಗಿ."

ಅವನು ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಹತ್ತಿರ ಕೂತ.

"ನಾನೂ ಅವತ್ತಿಂದ ನೆಮ್ಮದಿಯಾಗಿ ಊಟ ಮಾಡಿಲ್ಲ. ಕೋಪ ಇತ್ತು. ಆದ್ರೂ ಕಾಲು ಈ ಬೀದಿಗೇ ಎಳೀತಿತ್ತು." ಪ್ಲಾಸ್ಟರ್ ಪುಡಿ ಮೆತ್ತಿದ್ದ ಅವಳ ಕೈಯನ್ನು ಹಿಡಿದುಕೊಂಡ. "ಮುಂದೆ ತಪ್ಪು ಕಂಡ್ರೆ ಬರೀಬೇಡ ಅನ್ನಲ್ಲ. ಬರಿ. ಆದ್ರೆ ಮೊದಲು ನನಗೆ ಹೇಳು."

ಮೊದಲ ಸಲ ನೀನು ಅಂದಿದ್ದ! ಅವಳ ಕಣ್ಣು ತುಂಬಿ ಬಂತು.

"ಹೇಳಿದ್ರೆ ಜಗಳ ಆಗುತ್ತೆ."

"ಆಗಲಿ. ಜಗಳ ಮನೇಲೇ ಮುಗಿಸ್ಕೊಳ್ಳೋಣ."

"ಯಾರ ಮನೇಲಿ?"

"ನಮ್ಮ ಮನೇಲಿ."