ಬೆಕ್ಕಿಲ್ಲದ ಮನೆಯ ಟವೆಲ್

ಹುಲಿಯ ಬಾಯಿಗೆ ಕೈಹಾಕಿ ಹಲ್ಲು ಎಣಿಸಿ ಬರುವ ಗುಂಡಿಗೆ ನನ್ನದು. ಆದರೂ ಹೆಂಡತಿ ತೀರಿಕೊಂಡ ಮೇಲೆ, ಖಾಲಿ ಮನೆಯಲ್ಲಿ ಬೆಕ್ಕು ಗುರುಗುಟ್ಟುವುದು ಕೇಳತೊಡಗಿದಾಗ ಬೆವೆತುಹೋದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಅವಳು ಮಲಗುತ್ತಿದ್ದ ಕಡೆ ಹಾಸಿಗೆ ಮಾತ್ರ ಸದಾ ಬೆಚ್ಚಗಿರುತ್ತಿತ್ತು.

ನಾನು ಪ್ರಯೋಗಾಲಯದಲ್ಲಿ ಇಲಿ ಸಾಕುವವನು. ಬೆಕ್ಕಿನಿಂದ ಹರಡುವ ಒಂದು ಪರಾವಲಂಬಿ ಜೀವಿ ಹೊಕ್ಕರೆ ಇಲಿಗೆ ಬೆಕ್ಕಿನ ಭಯವೇ ಹೋಗಿಬಿಡುತ್ತದೆ. ಬೆಕ್ಕು ಮಲಗಿದ ಬಟ್ಟೆಯನ್ನು ಪಂಜರದಲ್ಲಿಟ್ಟರೆ ಆರೋಗ್ಯದ ಇಲಿ ಮೂಲೆಗೋಡುತ್ತದೆ. ಸೋಂಕಿನ ಇಲಿ ಬಂದು ಅದರ ಮೇಲೇ ಕೂರುತ್ತದೆ.

ಆ ಸದ್ದಿನ ಕಾಟಕ್ಕೆ ಪರೀಕ್ಷೆ ಮಾಡಿಸಿದರೆ, ನನ್ನ ರಕ್ತದಲ್ಲೂ ಅದೇ ಸೋಂಕು ಸಿಕ್ಕಿತು.

“ಹಳೇದು, ಮೆದುಳಲ್ಲಿ ಸುಮ್ನೆ ಮಲಗಿರುತ್ತೆ,” ಎಂದರು ಡಾಕ್ಟರಮ್ಮ. “ಇಲ್ಲದ ಸದ್ದು ಕೇಳ್ಸೋದಕ್ಕೂ ಅದಕ್ಕೂ ನಂಟಿರಬಹುದು ಅಂತಾರೆ. ಖಚಿತ ಇಲ್ಲ.”

“ಸದ್ಯ, ಕೆಟ್ಟಿರೋದು ತಲೆ ಅಷ್ಟೇ, ಮನೆಯಲ್ಲ!” ಎಂದು ಮೂರು ಲೋಕ ಗೆದ್ದವನಂತೆ ನಕ್ಕೆ.

ಮರುದಿನ ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೋದರೆ, ಬೆಕ್ಕಿನ ಬಟ್ಟೆ ತರಿಸುವುದನ್ನೇ ಮರೆತಿದ್ದೆ.

“ನಿಮ್ಮ ಟವೆಲ್ಲೇ ಇಡಿ ಅಣ್ಣ, ನಿಮಗಿಂತ ದೊಡ್ಡ ಹುಲಿ ಬೇಕಾ?” ಎಂದು ಜೊತೆಯಲ್ಲಿ ಕೆಲಸ ಮಾಡುವವಳು ಗೇಲಿ ಮಾಡಿದಳು.

ಹಾಸಿಗೆಯ ಆ ಬೆಚ್ಚಗಿನ ಕಡೆಯಿಂದ ಎತ್ತಿ ಚೀಲಕ್ಕೆ ತುರುಕಿದ್ದ ಟವೆಲ್ಲನ್ನೇ ಇಟ್ಟೆ. ಆರೋಗ್ಯದ ಇಲಿಗಳು ಒಂದರ ಮೇಲೊಂದು ಬಿದ್ದು ಮೂಲೆ ಸೇರಿ ನಡುಗಿದವು. ಸೋಂಕಿನವು ಬಂದು ಟವೆಲ್ಲಿನ ಮೇಲೆ ಕುಳಿತವು.

ಗೇಲಿ ಮಾಡಿದವಳ ನಗು ನಿಂತಿತು. ನನಗಂತೂ ಭಯವೇ ಆಗಲಿಲ್ಲ. ಬೇಗ ಮನೆಗೆ ಹೋಗಬೇಕೆನ್ನಿಸಿತು.