ಮೂಳೆ ಕೂರಿಸುವ ಬೊಮ್ಮಯ್ಯನೂ ಆಟದರಮನೆಯೂ

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡಿರದ ಕಾಲದ ಮಾತು ಇದು. ಮಣಿನಗರಿ ಎಂಬ ರಾಜ್ಯದ ಮೂಡಲ ಅಂಚಿನ ಹಳ್ಳಿಯಲ್ಲಿ ಬೊಮ್ಮಯ್ಯ ಎಂಬ ಮೂಳೆ ಕೂರಿಸುವವನಿದ್ದ. ಮರದಿಂದ ಬಿದ್ದವರು, ಗಾಡಿಯಿಂದ ಉರುಳಿದವರು, ಎತ್ತಿನ ಕೈಲಿ ಒದೆಸಿಕೊಂಡವರು, ಎಲ್ಲರೂ ನರಳುತ್ತಾ ಅವನ ಜಗಲಿಗೇ ಬರಬೇಕು. ಅವನ ಹತ್ತಿರ ಒಂದು ಉಪಾಯವಿತ್ತು. ಕೀಲು ತಪ್ಪಿದ ಕೈಯನ್ನು ಮೆಲ್ಲಗೆ ಹಿಡಿದುಕೊಂಡು, ನಗುನಗುತ್ತಾ, “ಬೆಳಿಗ್ಗೆ ಏನು ತಿಂದೆಯಪ್ಪಾ?” ಎಂದು ಕೇಳುವನು. ಆ ಮನುಷ್ಯ “ರಾಗಿ ರೊಟ್ಟಿ...” ಎಂದು ಬಾಯಿ ತೆರೆಯುವಷ್ಟರಲ್ಲಿ ಲಟಕ್! ಮೂಳೆ ಕೂತೇಬಿಡುತ್ತಿತ್ತು. ಒಂದು ಕಿರುಚು, ಅಷ್ಟೇ. ಆಮೇಲೆ ಎಣ್ಣೆ ಹಚ್ಚಿ, ಬಿದಿರು ದಬ್ಬೆ ಕಟ್ಟಿ ಕಳಿಸುವನು.

ಅವನಿಗೆ ಒಬ್ಬಳೇ ಮಗಳು, ದೇವೀರಿ. ಎಂಟು ವರ್ಷದ ಹುಡುಗಿ. ಜಗಲಿಯ ಕಂಬ ತಬ್ಬಿಕೊಂಡು ಕೂತು, ಅಪ್ಪ ಆ ಪ್ರಶ್ನೆ ಯಾವಾಗ ಕೇಳುತ್ತಾನೆ ಎಂದು ಕಾಯುವಳು. ಕೇಳಿದ ಕೂಡಲೇ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕಿಸಿಕಿಸಿ ನಗುವಳು. ಮುಂದೆ ಏನಾಗುತ್ತದೆಂದು ಅವಳಿಗೆ ಗೊತ್ತು, ಪಾಪ, ಬಂದವನಿಗೆ ಗೊತ್ತಿಲ್ಲವಲ್ಲ!

ಊರಿನವರ ಮೂಳೆಯನ್ನೆಲ್ಲ ಲಟಲಟ ಕೂರಿಸುವ ಈ ಬೊಮ್ಮಯ್ಯ ಮಗಳೆಂದರೆ ಮಾತ್ರ ಬೆಣ್ಣೆಯಂತೆ ಕರಗಿ ಹೋಗುವನು. ಒಮ್ಮೆ ದೇವೀರಿಯ ಮಣಿಕಟ್ಟು ಜಾರಿದಾಗ, ಅದನ್ನು ಹಿಡಿದುಕೊಂಡು ಗಡಗಡ ನಡುಗಿದ. ಕೊನೆಗೆ ಹೆಂಡತಿ ಸಾಕಮ್ಮನೇ ಅವಳನ್ನು ಎತ್ತಿಕೊಂಡು ಪಕ್ಕದೂರಿನ ವೈದ್ಯನ ಹತ್ತಿರ ಓಡಬೇಕಾಯಿತು. ಸಂಜೆ ಚೌಕಾಬಾರ ಆಡಲು ಕೂತರೂ ಅದೇ ಕತೆ. ಮಗಳ ಕಾಯಿ ಹೊಡೆಯುವ ಗರ ಬಿದ್ದರೆ, ಕಾಣದವನಂತೆ ಬೇರೆ ಕಾಯಿ ನಡೆಸುವನು.

“ಅವಳಿಗೆ ಸೋಲೋದನ್ನೂ ಕಲಿಸಬೇಕು ಮಾರಾಯ. ಎಷ್ಟು ದಿನ ಅಂತ ಬಿಟ್ಟುಕೊಡ್ತೀಯ?” ಎನ್ನುವಳು ಸಾಕಮ್ಮ.

“ಅಳ್ತಾಳೆ ಕಣೇ. ಆಟ ತಾನೆ? ಬಿಡು,” ಎನ್ನುವನು ಬೊಮ್ಮಯ್ಯ.

ಹೀಗಿರಲು, ರಾಜಧಾನಿಯಲ್ಲಿ ಕವಡೆರಾಯ ಎಂಬ ಮಾಟಗಾರ ಒಂದು ಆಟದರಮನೆ ಕಟ್ಟಿಸಿದನೆಂದು ಸುದ್ದಿ ಬಂತು. ಅಲ್ಲಿ ಅಂಗಳಗಳೇ ಆಟದ ಹಾಸು, ಮನುಷ್ಯರೇ ಕಾಯಿಗಳು! ದೇವೀರಿ ಊಟ ಬಿಟ್ಟು ಹಟ ಹಿಡಿದಳು. ಮನೆಯಲ್ಲಿ ಹಸು ಕರು ಹಾಕುವುದರಲ್ಲಿತ್ತು, ಸಾಕಮ್ಮ ಉಳಿದಳು. ಅಪ್ಪ ಮಗಳು ಎರಡು ದಿನ ನಡೆದು ರಾಜಧಾನಿ ಸೇರಿದರು.

ಅಬ್ಬಾ, ಏನು ಜನ! ಮಕ್ಕಳನ್ನು ಹೆಗಲ ಮೇಲೆ ಹೊತ್ತ ಅಪ್ಪಂದಿರು, ಬುತ್ತಿಗಂಟು ಹಿಡಿದ ಅಮ್ಮಂದಿರು, ಕೋಲೂರಿಕೊಂಡು ಬಂದ ಅಜ್ಜಂದಿರು. ಮೊದಲನೆಯ ಅಂಗಳದಲ್ಲಿ ಹಾವು ಏಣಿ ಆಟ. ಮನೆಯಿಂದ ಮನೆಗೆ ಕಾಲಿಟ್ಟರೆ ನೆಲ ಗುಂಯ್ ಎಂದು ಹಾಡುತ್ತಿತ್ತು. ಬಣ್ಣಬಣ್ಣದ ಹಾವು ದೇವೀರಿಯನ್ನು ಗುಳುಕ್ಕನೆ ನುಂಗಿ, ಬಾಲದ ಕಡೆಯಿಂದ ಹತ್ತಿಯ ರಾಶಿಯ ಮೇಲೆ ಬೀಳಿಸಿತು. ಅವಳು ಬಿದ್ದು ಬಿದ್ದು ನಕ್ಕಳು. ಎರಡನೆಯ ಅಂಗಳದಲ್ಲಿ ಹುಲಿ ಕುರಿ ಆಟ. ನಿಜವಾದ ಹುಲಿ ಅವಳ ತಲೆಯ ಮೇಲಿಂದ ಹಾರಿ, ಬೆಕ್ಕಿನ ಹಾಗೆ ಮೈ ಉಜ್ಜಿಕೊಂಡು ಹೋಯಿತು. ಮೂರನೆಯದೇ ಚೌಕಾಬಾರದ ಅಂಗಳ. ಬಾಗಿಲ ಮೇಲೆ ಒಂದೇ ಕಟ್ಟಳೆ ಕೊರೆದಿತ್ತು: ‘ಹೊಡೆದವರು ಒಳಗೆ, ಹೊಡೆಸಿಕೊಂಡವರು ಮನೆಗೆ.’ ಚೌಕಾಬಾರದಲ್ಲಿ ಒಬ್ಬರ ಕಾಯಿಯನ್ನಾದರೂ ಹೊಡೆಯದೆ ನಡುಮನೆಗೆ ಹೋಗುವ ಹಾಗಿಲ್ಲ, ಅದು ಯಾರಿಗೆ ಗೊತ್ತಿಲ್ಲ! ಜನ ಓದಿ ನಕ್ಕು ಒಳಗೆ ಹೋದರು.

ತೊಟ್ಟಿಲಷ್ಟು ದೊಡ್ಡ ಕವಡೆಗಳು ಆಕಾಶದಿಂದ ಉರುಳಿದವು. ದೇವೀರಿಗೆ ಮೊದಲ ಗರಕ್ಕೇ ಒಬ್ಬ ದಪ್ಪ ಸಾಹುಕಾರ ಸಿಕ್ಕಿದ. ಅವಳು ಅವನ ಬೆನ್ನಿಗೆ ಫಟ್ಟೆಂದು ಒಂದು ಕೊಟ್ಟಳು. ಸಾಹುಕಾರ ಮಾಯವಾದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಬೊಮ್ಮಯ್ಯನ ಸರದಿ. ಎರಡು ಬಿತ್ತು. ಎರಡು ಮನೆ ಆಚೆ ದೇವೀರಿ ನಿಂತಿದ್ದಳು. ಅವಳ ತುಟಿ ಆಗಲೇ ಅಳುವುದಕ್ಕೆ ತಯಾರಾಗಿತ್ತು. ಬೊಮ್ಮಯ್ಯ ಕಾಣದವನಂತೆ ಬೇರೆ ಕಡೆ ನೋಡಿ, “ನಾನು ನಡೆಯಲ್ಲಪ್ಪ, ಕಾಲು ನೋವು,” ಎಂದುಬಿಟ್ಟ.

ದೇವೀರಿ ಕುಣಿಯುತ್ತಾ ನಡುಮನೆಗೆ ಹೋದಳು. “ಅಪ್ಪಾ, ಗೆದ್ದೆ!” ಎಂದು ಕೈ ಎತ್ತಿದಳು. ಎತ್ತಿದ ಕೈ ಇಳಿಯಲಿಲ್ಲ. ಅವಳು ಬಣ್ಣ ಬಳಿದ ಮರದ ಕಾಯಿಯಾಗಿ ನಿಂತಿದ್ದಳು.

ಆಗ ನಡುಮನೆಯಲ್ಲಿ ಕವಡೆರಾಯ ಕಾಣಿಸಿಕೊಂಡ. “ನಡುಮನೆ ಸೇರಿ ಹಣ್ಣಾದ ಕಾಯಿಗಳೆಲ್ಲ ನನ್ನವು,” ಎಂದ ಮೆಲ್ಲಗೆ. “ಬೇಕಿದ್ದವರು ಮುಂದಿನ ಹುಣ್ಣಿಮೆಗೆ ಬಂದು ಆಡಿ ಬಿಡಿಸಿಕೊಂಡು ಹೋಗಿ. ಸೋತರೆ ಮಾತ್ರ ಕಲ್ಲಾಗುತ್ತೀರಿ.” ಬೊಮ್ಮಯ್ಯ ಹೊರಳಾಡಿ ಅತ್ತ, ಕಾಲಿಗೆ ಬಿದ್ದ. ಬಿರುಗಾಳಿ ಎದ್ದು ಅವನನ್ನು ಹೊರಗೆ ಎಸೆಯಿತು. ರಾಜನ ಹತ್ತಿರ ದೂರು ಕೊಡೋಣವೆಂದರೆ, ರಾಜನ ಮಗನೇ ಅಲ್ಲಿ ಕಾಯಿಯಾಗಿ ನಿಂತಿದ್ದನಂತೆ!

ಒಬ್ಬನೇ ಮನೆಗೆ ಬಂದ ಗಂಡನನ್ನು ನೋಡಿ ಸಾಕಮ್ಮ ಬಾಗಿಲಲ್ಲೇ ಕುಸಿದಳು. “ಕೈ ಹಿಡಿದು ಕರಕೊಂಡು ಹೋದವನು, ಕೈ ಬೀಸಿಕೊಂಡು ಬಂದೆಯಾ?” ಎಂದಳು. ಹುಟ್ಟಿದ ಕರುವಿಗೆ ಹೆಸರಿಡಲಿಲ್ಲ, ದೇವೀರಿ ಬಂದು ಇಡಲಿ ಎಂದು.

ಹತ್ತು ದಿನ ಕಳೆದ ಮೇಲೆ ಒಬ್ಬ ದಪ್ಪ ಮನುಷ್ಯ ತೋಳು ಹಿಡಿದುಕೊಂಡು ಜಗಲಿಗೆ ಬಂದ. ನೋಡಿದರೆ ಅದೇ ಸಾಹುಕಾರ!

“ಅಯ್ಯೋ, ಅದೇನು ಚಮತ್ಕಾರ ಅಂತೀರಿ! ನಿಮ್ಮ ಹುಡುಗಿ ಬೆನ್ನಿಗೆ ಒಂದು ಬಿಟ್ಟಳು ನೋಡಿ, ಕಣ್ಣು ಬಿಟ್ಟರೆ ನಮ್ಮ ಮನೆ ಉಯ್ಯಾಲೆ ಮೇಲಿದ್ದೇನೆ! ಗಾಬರಿಯಲ್ಲಿ ದೊಪ್ಪನೆ ಬಿದ್ದು ತೋಳು ಜಾರಿಸಿಕೊಂಡೆ. ಯಾರ್ಯಾರೋ ಕಟ್ಟಿದರು, ಸರಿಹೋಗಲಿಲ್ಲ,” ಎಂದ ಸಾಹುಕಾರ.

ಬೊಮ್ಮಯ್ಯ ಅವನ ತೋಳು ಕೂರಿಸಿ ಕಳಿಸಿದ. ಕಳಿಸಿ, ಅಲ್ಲೇ ತಲೆಯ ಮೇಲೆ ಕೈ ಹೊತ್ತು ಕೂತ. ಹೊಡೆಸಿಕೊಂಡವರು ಮನೆಗೆ. ನಿಜವಾಗಿಯೂ ಮನೆಗೆ. ಅವತ್ತು ಎರಡು ಬಿದ್ದಾಗ ತಾನು ಎರಡು ಹೆಜ್ಜೆ ನಡೆದು ಮಗಳಿಗೆ ಒಂದು ಏಟು ಹಾಕಿದ್ದರೆ, ಅವಳು ಇಷ್ಟೊತ್ತಿಗೆ ಒಲೆಯ ಮುಂದೆ ಮುಖ ಊದಿಸಿಕೊಂಡು ಕೂತಿರುತ್ತಿದ್ದಳು! ಅವನು ತನ್ನ ಬಲಗೈಯನ್ನು ನೋಡಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಹುಣ್ಣಿಮೆಯ ಹಗಲು ಅವನು ಮತ್ತೆ ಆಟದರಮನೆಗೆ ಹೋದ. ಈ ಸಲ ಜನವಿರಲಿಲ್ಲ, ಹಾಡಿರಲಿಲ್ಲ. ಗೋಡೆಯುದ್ದಕ್ಕೂ, ಅವನಿಗಿಂತ ಮೊದಲೇ ಬಂದು ಆಡಿ ಸೋತು ಕಲ್ಲಾದ ತಂದೆತಾಯಿಗಳು ಸಾಲಾಗಿ ನಿಂತಿದ್ದರು. ಎಲ್ಲರ ಬಲಗೈ ಮೇಲೆದ್ದು ಅರ್ಧಕ್ಕೇ ನಿಂತಿತ್ತು.

ಮೊದಲನೆಯ ಅಂಗಳದಲ್ಲಿ ಹಾವು ಬಾಯಿ ತೆರೆದುಕೊಂಡು ಅಡ್ಡ ಮಲಗಿತ್ತು. ತೆರೆದ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಬೊಮ್ಮಯ್ಯ ಹತ್ತಿರ ಹೋಗಿ ನೋಡಿದ.

“ಅಯ್ಯೋ ನಿನ್ನ, ಅಷ್ಟು ಜನರನ್ನು ನುಂಗಿ ನುಂಗಿ ದವಡೆ ಜಾರಿದೆಯಲ್ಲೋ,” ಎಂದು ದವಡೆಗೆ ಕೈ ಹಚ್ಚಿದ. “ಬೆಳಿಗ್ಗೆ ಏನು ತಿಂದೆ?”

“ಒಬ್ಬ ಅಜ್ಜ, ಇಬ್ಬರು...” ಎನ್ನುವಷ್ಟರಲ್ಲಿ ಲಟಕ್!

ಹಾವು ಬಾಯಿ ಮುಚ್ಚಿ, ತೆರೆದು, ಮುಚ್ಚಿ ನೋಡಿಕೊಂಡಿತು. ಕಣ್ಣೀರು ಸುರಿಸುತ್ತಾ ದಾರಿ ಬಿಟ್ಟಿತು.

ಎರಡನೆಯ ಅಂಗಳದಲ್ಲಿ ಹುಲಿ ಗುರ್ ಎಂದು ಎದ್ದಿತು. ಮೂರೇ ಕಾಲಲ್ಲಿ ಎದ್ದಿತು. ಕುರಿಗಳ ಮೇಲೆ ಹಾರಿ ಹಾರಿ ಮುಂಗಾಲಿನ ಕೀಲು ತಪ್ಪಿತ್ತು.

“ಇಲ್ಲಿ ಕೊಡು ಕಾಲು,” ಎಂದ ಬೊಮ್ಮಯ್ಯ. “ಬೆಳಿಗ್ಗೆ ಏನು ತಿಂದೆ?”

“ನಿನ್ನನ್ನೇ ತಿನ್ನಬೇಕು ಅಂತ...” ಎನ್ನುವಷ್ಟರಲ್ಲಿ ಲಟಕ್!

ಹುಲಿ ನಾಲ್ಕೂ ಕಾಲೂರಿ ನಿಂತಿತು. “ನೀನು ಒಳ್ಳೆಯವನು, ಅದಕ್ಕೇ ಹೇಳುತ್ತೇನೆ ಕೇಳು,” ಎಂದಿತು. “ಒಳಗೆ ನಿನ್ನ ಎದುರಿಗೆ ನಿನ್ನ ಕೂಸನ್ನೇ ನಿಲ್ಲಿಸುತ್ತಾನೆ, ಜೀವ ಕೊಟ್ಟು ನಿಲ್ಲಿಸುತ್ತಾನೆ. ಹೊಡೆಯುವ ಗರವನ್ನೂ ಅವನೇ ಬೀಳಿಸುತ್ತಾನೆ. ಹೆತ್ತವರ ಕೈ ಅರ್ಧಕ್ಕೆ ನಿಲ್ಲುವುದನ್ನು ನೋಡುವುದೇ ಅವನಿಗೆ ಮೋಜು. ನೆನಪಿಟ್ಟುಕೋ, ಮುಟ್ಟಿದ ಹಾಗೆ ಮಾಡಿದರೆ ಲೆಕ್ಕಕ್ಕಿಲ್ಲ. ನೋಯಬೇಕು. ಅದು ಯಾಕೆ ಎಂದು ಕೂಸಿಗೆ ಮೊದಲೇ ಹೇಳುವಂತೆಯೂ ಇಲ್ಲ. ಹೇಳಿದರೆ ಇಬ್ಬರೂ ಕಲ್ಲು.”

ಬೊಮ್ಮಯ್ಯ ಮೂರನೆಯ ಅಂಗಳಕ್ಕೆ ಕಾಲಿಟ್ಟ. ಕವಡೆಗಳು ಉರುಳಿದವು. ಎರಡು ಬಿತ್ತು. ಎರಡು ಮನೆ ಆಚೆ ದೇವೀರಿ ನಿಂತಿದ್ದಳು, ಅದೇ ಲಂಗ, ಅದೇ ಜಡೆ. ಅವಳ ಮರದ ಮೈಗೆ ಜೀವ ಬಂತು.

“ಅಪ್ಪಾ! ಬಂದೆಯಾ! ನಂಗೆ ಗೊತ್ತಿತ್ತು ನೀನು ಬಂದೇ ಬರ್ತೀಯ ಅಂತ,” ಎಂದು ಎರಡೂ ಕೈ ಚಾಚಿದಳು.

ಬೊಮ್ಮಯ್ಯ ಅವಳನ್ನೇ ನೋಡುತ್ತಾ ಒಂದು ಹೆಜ್ಜೆ ಇಟ್ಟ. ಇನ್ನೊಂದು ಹೆಜ್ಜೆ ಇಟ್ಟ. ಎತ್ತಬೇಕೆಂದರೆ ಕೈ ಏಳಲೊಲ್ಲದು. ಸಾವಿರ ಜನರ ಮೂಳೆ ಕೂರಿಸಿದ ಕೈ ಅದು. ಹೇಗೆ ಕೂರಿಸುತ್ತಿತ್ತು? ಅವನಿಗೆ ಒಂದೇ ಒಂದು ದಾರಿ ಗೊತ್ತಿತ್ತು. ಅವನು ನಕ್ಕ. ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕ.

“ಬೆಳಿಗ್ಗೆ ಏನು ತಿಂದೆ, ಮಗಳೇ?” ಎಂದು ಕೇಳಿದ.

ಆ ಪ್ರಶ್ನೆಯ ಅರ್ಥ ಗೊತ್ತಿದ್ದವಳು ಲೋಕದಲ್ಲಿ ಅವಳೊಬ್ಬಳೇ. ಕಂಬ ತಬ್ಬಿಕೊಂಡು ಎಷ್ಟು ಸಲ ನೋಡಿದ್ದಾಳೆ! ಅವಳ ಚಾಚಿದ ಕೈ ಹಿಂದಕ್ಕೆ ಹೋಯಿತು. ಮುಖ ಬಿಳುಚಿತು.

“ಬೇಡಪ್ಪಾ,” ಎಂದಳು.

ಬೊಮ್ಮಯ್ಯ ಹೊಡೆದ. ಕೈ ಅರ್ಧಕ್ಕೆ ನಿಲ್ಲಲಿಲ್ಲ. ಏಟಿನ ಸದ್ದು ಅಂಗಳದ ನಾಲ್ಕೂ ಗೋಡೆಗೆ ಬಡಿದು ವಾಪಸು ಬಂತು. ಅವಳು ನಿಂತಿದ್ದ ಮನೆ ಖಾಲಿಯಾಗಿತ್ತು.

ಹೊಡೆದವರು ಒಳಗೆ. ನಡುಮನೆಯ ಬಾಗಿಲು ತಾನಾಗಿ ತೆರೆಯಿತು. ಅಲ್ಲಿ ಕವಡೆರಾಯ ಕೂತಿದ್ದ. ಹೆತ್ತವರಲ್ಲಿ ಒಬ್ಬರಾದರೂ ಅಲ್ಲಿಯವರೆಗೆ ಬಂದದ್ದನ್ನು ಅವನು ನೋಡಿಯೇ ಇರಲಿಲ್ಲ. “ನೀನೆಂಥ ತಂದೆಯೋ!” ಎಂದು ಚೀರಿದ. ಬೊಮ್ಮಯ್ಯ ಹತ್ತಿರ ಹೋದ. ಇನ್ನೂ ಉರಿಯುತ್ತಿದ್ದ ಅದೇ ಕೈಯಿಂದ ಅವನ ಕೆನ್ನೆಗೂ ಒಂದು ಬಾರಿಸಿದ. ಹೊಡೆಸಿಕೊಂಡವರು ಮನೆಗೆ ಹೋಗಲೇಬೇಕು, ಅದು ಕವಡೆರಾಯನೇ ಕೊರೆಸಿದ ಕಟ್ಟಳೆ. ಆದರೆ ಅವನಿಗೆ ಮನೆಯೇ ಇರಲಿಲ್ಲ! ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಂಗಳದ ಸುತ್ತ ಹೊಗೆಯಂತೆ ಸುತ್ತಿ ಸುತ್ತಿ, ತೆಳ್ಳಗಾಗಿ, ಇಲ್ಲವಾದ.

ಮರದ ಕಾಯಿಗಳೆಲ್ಲ ಮಕ್ಕಳಾದವು. ಕಲ್ಲುಗಳೆಲ್ಲ ತಂದೆತಾಯಿಗಳಾದವು. ಅರ್ಧಕ್ಕೆ ನಿಂತಿದ್ದ ಅಷ್ಟೂ ಕೈಗಳು ಇಳಿದು ಮಕ್ಕಳನ್ನು ಬಾಚಿ ತಬ್ಬಿಕೊಂಡವು. ರಾಜನ ಮಗನೂ ಬಂದ. ಹಾವು ಹುತ್ತಕ್ಕೆ ಹೋಯಿತು, ಹುಲಿ ಕಾಡಿಗೆ ಹೋಯಿತು. ಮಣಿನಗರಿಯ ಮನೆಮನೆಯಲ್ಲಿ ಅಂದು ಹೋಳಿಗೆ ಊಟ. ಆ ಅಂಗಳದಲ್ಲಿ ಅಪ್ಪಿಕೊಳ್ಳಲು ಯಾರೂ ಇಲ್ಲದೆ ನಿಂತಿದ್ದವನು ಬೊಮ್ಮಯ್ಯ ಒಬ್ಬನೇ. ಅವನು ಎರಡು ದಿನದ ದಾರಿಯನ್ನು ಒಂದೇ ದಿನದಲ್ಲಿ ಓಡಿದ.

ಸಾಕಮ್ಮ ಬಾಗಿಲಲ್ಲಿದ್ದಳು. “ಬಂದಳು,” ಎಂದಳು. “ಒಲೆ ಮುಂದೆ ಬಿದ್ದಿದ್ದಳು. ಕೆನ್ನೆ ಮೇಲೆ ಐದು ಬೆರಳೂ ಮೂಡಿವೆ.” ದೇವೀರಿ ಅವಳ ಸೆರಗಿನ ಹಿಂದೆ ನಿಂತು ಅಪ್ಪನನ್ನು ನೋಡಿದಳು. ಹತ್ತಿರ ಬರಲಿಲ್ಲ.

ಬೆರಳ ಗುರುತು ಮೂರು ದಿನಕ್ಕೆ ಮಾಸಿತು. ಬೊಮ್ಮಯ್ಯ ಎಲ್ಲವನ್ನೂ ಬಿಡಿಸಿ ಹೇಳಿದ. ದೇವೀರಿ ತಲೆಯಾಡಿಸಿ, “ಗೊತ್ತಾಯ್ತಪ್ಪ,” ಎಂದಳು. ಸುಳ್ಳಲ್ಲ, ಅವಳಿಗೆ ಗೊತ್ತಾಗಿತ್ತು. ಕರುವಿಗೆ ಹೆಸರಿಟ್ಟಳು, ನಕ್ಕಳು, ಬೆಳೆದಳು. ಆದರೆ ಹಗ್ಗದ ಮೇಲಿನ ಬಟ್ಟೆ ತೆಗೆಯಲು ಅಪ್ಪ ಕೈ ಎತ್ತಿದರೆ ಅವಳ ಭುಜ ತಾನಾಗಿ ಕುಗ್ಗುತ್ತಿತ್ತು. ಜಗಲಿಯ ಕಂಬದ ಹತ್ತಿರ ಮತ್ತೆಂದೂ ಕೂರಲಿಲ್ಲ. ಬೊಮ್ಮಯ್ಯ ರೋಗಿಗಳಿಗೆ ಬೇರೆ ಪ್ರಶ್ನೆ ಕೇಳಲು ಕಲಿತ. ಎಲ್ಲ ಅಪ್ಪಂದಿರೂ ದಿನಾ ಕೇಳುವ ಮಾತು, ಏನು ತಿಂದೆ ಮಗಳೇ ಎಂಬ ಆ ಮಾತನ್ನು, ಅವನು ಅವಳನ್ನು ಒಂದು ದಿನವೂ ಕೇಳಲಿಲ್ಲ.

ವರ್ಷಗಳು ಉರುಳಿದವು. ದೇವೀರಿ ಮದುವೆಯಾಗಿ, ಸೊಂಟದ ಮೇಲೆ ಕೂಸನ್ನು ಹೊತ್ತುಕೊಂಡು ತವರಿಗೆ ಬಂದಳು. ಬೊಮ್ಮಯ್ಯ ಮುದುಕನಾಗಿದ್ದ. ಒಂದು ಮಧ್ಯಾಹ್ನ ಅವಳು ಜಗಲಿಯ ಮೇಲೆ ಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಕಂಬಕ್ಕೆ ಒರಗಿ ಕೂತಳು.

“ಬಾಪ್ಪ, ಒಂದಾಟ,” ಎಂದಳು.

ಬೊಮ್ಮಯ್ಯನಿಗೆ ಎರಡು ಬಿತ್ತು. ಎರಡು ಮನೆ ಆಚೆ ಮಗಳ ಕಾಯಿ ಇತ್ತು. ಅವನು ಬೇರೆ ಕಾಯಿ ನಡೆಸಿದ. ದೇವೀರಿ ನೋಡಿದಳು. ಕವಡೆ ಎತ್ತಿ ಚೆಲ್ಲಿದಳು. ಬಿದ್ದದ್ದನ್ನು ಒಂದು ಗಳಿಗೆ ನೋಡಿ, ಅಪ್ಪನ ಬಲಗೈಯನ್ನು ಮೆಲ್ಲಗೆ ಹಿಡಿದುಕೊಂಡು ನಕ್ಕಳು.

“ಅಪ್ಪಾ, ಬೆಳಿಗ್ಗೆ ಏನು ತಿಂದೆ?”

ಮುದುಕ ಬೆಚ್ಚಿ ತಲೆ ಎತ್ತಿದ. “ರಾಗಿ ರೊಟ್ಟಿ...” ಎನ್ನುವಷ್ಟರಲ್ಲಿ ಲಟಕ್! ಅವನ ಕಾಯಿಗೆ ಅವಳ ಕಾಯಿ ಬಡಿಯಿತು.

“ಹೋಗಪ್ಪ, ಮನೆಗೆ ಹೋಗು,” ಎಂದಳು ದೇವೀರಿ.