ಯೋನನ ಕತೆಯಲ್ಲಿ ಹಸು

"ತಾತಾ! ಮೀನಿನ ಹೊಟ್ಟೆಯೊಳಗೆ ಹಸು ನುಗ್ಗಿದೆ!"

ಹ್ಯಾಟಿಯ ಕೂಗಿಗೆ ಅಡುಗೆಮನೆಯ ಕಿಟಕಿಯೇ ನಡುಗಿತು. ಬನ್ ಸುಡುತ್ತಿದ್ದ ತಾತ ಕೈಗೆ ಹಿಟ್ಟು ಮೆತ್ತಿಕೊಂಡೇ ಓಡಿಬಂದರು.

ಮೇಜಿನ ಮೇಲೆ ತಾತನ ಲ್ಯಾಪ್‌ಟಾಪ್ ತೆರೆದಿತ್ತು. ಟೆನೆಸಿಯ ಆ ಸಣ್ಣ ಊರಿನ ಚರ್ಚಿಗೆ ತಾತನೇ ಪಾಸ್ಟರ್. ಪ್ರತಿ ವಾರ ಏನು ಮಾತಾಡಬೇಕು ಎನ್ನುವುದರ ಔಟ್‌ಲೈನನ್ನು ಅವರು ಬೈಬಲ್ ಸಾಫ್ಟ್‌ವೇರಿನಲ್ಲೇ ಮಾಡುತ್ತಿದ್ದರು. ತಲೆಬರಹ ಟೈಪ್ ಮಾಡಿ, ಬೇಕಾದ ವಚನಗಳನ್ನು ಎಳೆದು ತಂದು ಅದರ ಕೆಳಗೆ ಬಿಟ್ಟರೆ ಸಾಕು, ಎಲ್ಲವೂ ಶಾಲೆಯ ಮಕ್ಕಳಂತೆ ಸಾಲಾಗಿ ನಿಲ್ಲುತ್ತಿದ್ದವು.

ನಾಳೆ ಮಕ್ಕಳ ಭಾನುವಾರ, ಪಾಸ್ಟರ್ ಬದಲು ಮಗುವೊಂದು ಮಾತಾಡುವ ದಿನ. ಈ ಸಲ ಹ್ಯಾಟಿ ಬೈಬಲಿನ ಪ್ರವಾದಿ ಯೋನನ ಬಗ್ಗೆ ಮಾತಾಡಬೇಕು. ಅವಳ ಔಟ್‌ಲೈನ್ ಚರ್ಚಿನ ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ.

"ಯಾರೋ ಮಾಡಿದ್ದನ್ನ ಕಾಪಿ ಹೊಡೀಬೇಡ. ನೀನೇ ಓದು, ನೀನೇ ಮಾಡು," ಎಂದಿದ್ದರು ತಾತ. "ತಲೆಬರಹ ಎಲ್ಲಾ ಒಂದೇ ಸದ್ದಿಂದ ಶುರುವಾಗ್ಲಿ. ಆಗ ಜನ ಮಧ್ಯಾಹ್ನದ ಊಟದ ತನಕ ಆದ್ರೂ ನೆನಪಿಟ್ಕೋತಾರೆ."

ಹ್ಯಾಟಿ ವಾರವಿಡೀ ತಲೆ ಕೆರೆದುಕೊಂಡು ಮೂರು ತಲೆಬರಹ ಹುಡುಕಿದ್ದಳು. ಓಡಿದ. ಒದ್ದೆಯಾದ. ಒಪ್ಪಿದ.

ನಿನೆವೆ ಪಟ್ಟಣಕ್ಕೆ ಹೋಗಿ ಅಲ್ಲಿನ ಕೆಟ್ಟ ಜನರನ್ನು ಎಚ್ಚರಿಸು ಎಂದು ದೇವರು ಹೇಳಿದರೆ ಯೋನ ಹಡಗು ಹತ್ತಿ ಬೇರೆ ದಿಕ್ಕಿಗೆ ಓಡಿದ. ಸಮುದ್ರಕ್ಕೆ ಬಿದ್ದು ಒದ್ದೆಯಾದ, ಮೀನು ಅವನನ್ನು ನುಂಗಿತು. ಮೀನು ದಡಕ್ಕೆ ಉಗುಳಿದ ಮೇಲೆ ಹೋಗಲು ಒಪ್ಪಿದ. ಎಷ್ಟು ಚೆಂದ!

ಆದರೆ ಈಗ ಲ್ಯಾಪ್‌ಟಾಪಿನಲ್ಲಿ ಹೀಗಿತ್ತು: ಓಡಿದ ಹಸು. ಒದ್ದೆಯಾದ ಹಸು. ಒಪ್ಪಿದ ಹಸು ಹಸು ಹಸು.

ವಚನಗಳ ನಡುವೆಯೂ ಅಲ್ಲಲ್ಲಿ ಹಸುಗಳು ಮೇಯುತ್ತಿದ್ದವು.

"ಗಸ್!"

ಮೇಜಿನ ಕೆಳಗಿಂದ ಹ್ಯಾಟಿಯ ತಮ್ಮ ತಲೆ ಹೊರಹಾಕಿದ. ಅವನಿಗೆ ಐದು ವರ್ಷ. ಬರೆಯಲು ಬರುತ್ತಿದ್ದುದು ಎರಡೇ ಪದ. ಒಂದು ಅವನ ಹೆಸರು. ಇನ್ನೊಂದು ಯಾವುದೆಂದು ಈಗ ಎಲ್ಲರಿಗೂ ಗೊತ್ತಾಗಿತ್ತು.

"ನೀನೇನಾ ಮಾಡಿದ್ದು?"

"ಹೂಂ. ಕತೇಲಿ ಹಸುನೇ ಇರ್ಲಿಲ್ಲ ಅಕ್ಕ. ಪಾಪ ಅನ್ನಿಸ್ತು."

"ಯೋನನ ಕತೇಲಿ ಹಸು ಯಾಕೋ ಇರತ್ತೆ, ಪೆದ್ದ?"

"ಮೀನು ಮಾತ್ರ ಇರಬಹುದಾ?"

ತಾತ ಸರಕ್ಕನೆ ಗೋಡೆಯ ಕಡೆ ತಿರುಗಿದರು. ಅವರ ಭುಜ ಕುಲುಕುತ್ತಿತ್ತು. ಮತ್ತೆ ಈ ಕಡೆ ತಿರುಗಿದಾಗ ಮುಖ ಗಂಭೀರವಾಗಿತ್ತು, ಮೀಸೆ ಮಾತ್ರ ಅದುರುತ್ತಿತ್ತು.

"ಗಸ್, ಅಕ್ಕನ ಕೆಲಸ ಕೆಡಿಸಬಾರದು."

"ಸಾರಿ ಅಕ್ಕ. ಇನ್ಮೇಲೆ ಹಸು ಹಾಕಲ್ಲ." ಗಸ್ ಸ್ವಲ್ಪ ಯೋಚಿಸಿದ. "ಹಂದಿನೂ ಹಾಕಲ್ಲ."

"ಜಾಣ," ಎಂದು ತಾತ ಬಿಸಿ ಬನ್ನಿಗೆ ಜೇನು ಸವರಿ ಅವನ ಕೈಗಿಟ್ಟರು.

ಹ್ಯಾಟಿಗೆ ಮೈಯೆಲ್ಲ ಉರಿದುಹೋಯಿತು. "ಅಷ್ಟೇನಾ? ಬಯ್ಯೋದಿಲ್ವಾ? ನನ್ನ ಔಟ್‌ಲೈನ್ ದನದ ಕೊಟ್ಟಿಗೆ ಆಗೋಯ್ತು, ಇವನಿಗೆ ಬನ್ನಾ?"

"ಸಾರಿ ಕೇಳಿದ್ನಲ್ಲ ಪುಟ್ಟಿ. ಹಸುಗಳನ್ನ ಅಳಿಸಿದ್ರಾಯ್ತು. ಬಾ, ನಿಂಗೂ ಬನ್ ಇದೆ."

"ನಂಗೇನೂ ಬೇಡ!"

ಲ್ಯಾಪ್‌ಟಾಪ್ ಎತ್ತಿಕೊಂಡು ಧಡಾರನೆ ಬಾಗಿಲು ಹಾಕಿ ಹ್ಯಾಟಿ ಜಗಲಿಗೆ ಹೋದಳು. ಒಳಗಿಂದ ತಾತನ ದನಿ ಬಂತು: "ಯೋನನ ಪುಸ್ತಕದಲ್ಲಿ ನಾಲ್ಕು ಅಧ್ಯಾಯ ಕಣೇ! ನಿಂದು ಮೂರೇ ಆಗಿದೆ!"

ಅದನ್ನು ಕೇಳಿ ಕೋಪ ಇನ್ನಷ್ಟು ಏರಿತು.

ಅವಳು ಒಂದೊಂದೇ ಹಸುವನ್ನು ಅಳಿಸತೊಡಗಿದಳು. ಜಾಲರಿ ಬಾಗಿಲಿಗೆ ಒಂದು ಮೂಗು ಅಂಟಿಕೊಂಡು ಚಪ್ಪಟೆಯಾಯಿತು.

"ಕೋಪ ಮುಗೀತಾ?"

"ಇಲ್ಲ."

"ಇನ್ನೂ ಎಷ್ಟಿದೆ?"

"ತುಂಬಾ!"

"ಸರಿ, ಕಾಯ್ತೀನಿ," ಎಂದ ಗಸ್.

ಹ್ಯಾಟಿ ನಾಲ್ಕನೆಯ ಅಧ್ಯಾಯ ತೆರೆದಳು. ನಿನೆವೆಯ ಜನ ತಪ್ಪಾಯಿತು ಎಂದರು, ದೇವರು ಕ್ಷಮಿಸಿದರು, ಅಲ್ಲಿಗೆ ಕತೆ ಮುಗಿಯಿತು ಎಂದೇ ಅವಳು ಅಂದುಕೊಂಡಿದ್ದಳು. ಮುಗಿದಿರಲಿಲ್ಲ. ಯೋನನಿಗೆ ಸಿಟ್ಟು ಬಂದಿತ್ತು. ಅಷ್ಟು ಕೆಟ್ಟ ಜನರನ್ನು ಇಷ್ಟು ಸುಲಭವಾಗಿ ಬಿಟ್ಟುಬಿಡುವುದೇ? ಅವನು ಊರ ಹೊರಗೆ ಹೋಗಿ ಕುಳಿತ. ಇದಕ್ಕಿಂತ ಸಾಯುವುದೇ ಮೇಲು ಎಂದ.

ಹ್ಯಾಟಿಗೆ ನಗು ಬಂತು. "ಅಯ್ಯೋ, ಎಂಥಾ ರಗಳೆ ಇವನದು!"

"ಯಾರದು?" ಎಂದಿತು ಜಾಲರಿಯ ಹಿಂದಿನ ಮೂಗು.

"ಯೋನಂದು. ಅವರು ಸಾರಿ ಕೇಳಿದ್ರು, ದೇವರು ಆಯ್ತು ಅಂದ್ರು. ಇವನು ನೋಡಿದ್ರೆ ಮೂತಿ ಊದಿಸ್ಕೊಂಡು ಹೊರಗಡೆ ಹೋಗಿ ಒಬ್ಬನೇ..."

ಹ್ಯಾಟಿ ತಲೆ ಎತ್ತಿದಳು. ಸುತ್ತ ನೋಡಿದಳು. ಜಗಲಿಯ ನೆರಳು ಯಾವಾಗಲೋ ಸರಿದುಹೋಗಿ ಕುತ್ತಿಗೆ ಸುಡುತ್ತಿತ್ತು. ಒಳಗಿಂದ ಬೆಣ್ಣೆಯ ಘಮ ಬರುತ್ತಿತ್ತು. ಅವಳು ಒಮ್ಮೆ ಕೆಮ್ಮಿ ಮುಂದೆ ಓದಿದಳು.

ಯೋನನಿಗೆ ನೆರಳಾಗಲೆಂದು ದೇವರು ಒಂದು ಗಿಡ ಬೆಳೆಸಿದರು. ಮರುದಿನ ಹುಳ ಅದನ್ನು ತಿಂದಿತು. ಯೋನ ಮತ್ತೆ ಕೂಗಾಡಿದ. ಆಗ ದೇವರು ಕೇಳಿದರು: ಒಂದು ಗಿಡಕ್ಕೆ ನೀನು ಇಷ್ಟು ಮರುಗುತ್ತೀಯ, ಅಷ್ಟು ದೊಡ್ಡ ಊರಿಗೆ ನಾನು ಮರುಗಬಾರದೇ? ಅಲ್ಲಿ ಎಷ್ಟೊಂದು ಜನ ಇದ್ದಾರೆ, ಮತ್ತೆ...

ಹ್ಯಾಟಿ ಆ ಸಾಲನ್ನು ಎರಡು ಸಲ ಓದಿದಳು.

"ಗಸ್... ಹಸು ಇದೆ."

ಬಾಗಿಲು ಹಾರಿಹೋಗುವಂತೆ ತೆರೆಯಿತು. "ಎಲ್ಲಿ?"

"ಕೊನೇ ವಚನದಲ್ಲಿ. ಎಷ್ಟೊಂದು ಪಶುಗಳಿದಾವೆ ಅಂತ."

"ನಾನು ಹೇಳ್ಲಿಲ್ವಾ!"

ಅವಳು ಹುಡುಕುವ ಪಟ್ಟಿಯಲ್ಲಿ 'ಪಶು' ಎಂದು ಟೈಪ್ ಮಾಡಿದಳು. ಮೂರನೆಯ ಅಧ್ಯಾಯದಲ್ಲೂ ಸಿಕ್ಕಿತು. ನಿನೆವೆಯ ರಾಜನ ಅಪ್ಪಣೆ: ತಪ್ಪಾಯಿತು ಎಂದು ತೋರಿಸಲು ಜನರಷ್ಟೇ ಅಲ್ಲ, ಪಶುಗಳೂ ಗೋಣಿ ಹೊದ್ದುಕೊಳ್ಳಬೇಕು.

"ಹಸುಗೆ ಗೋಣಿಚೀಲ!" ಗಸ್ ನೆಲಕ್ಕೆ ಬಿದ್ದು ಹೊರಳಾಡಿದ. ಹ್ಯಾಟಿಗೂ ತಡೆಯಲಾಗಲಿಲ್ಲ. ಇಬ್ಬರ ನಗು ಕೇಳಿ ತಾತ ಹೊರಗೆ ಬಂದರು, ಓದಿದರು, ಈ ಸಲ ಗೋಡೆಯ ಕಡೆ ತಿರುಗದೆಯೇ ಹೊಟ್ಟೆ ಹಿಡಿದುಕೊಂಡು ನಕ್ಕರು.

'ಒಪ್ಪಿದ' ಎಂಬುದರ ಕೆಳಗೆ ಹ್ಯಾಟಿ ಹೊಸ ಸಾಲು ತೆರೆದು 'ಗೋಣಿ ಹೊದ್ದ' ಎಂದು ಬರೆದಳು. ಆಮೇಲೆ ಲ್ಯಾಪ್‌ಟಾಪನ್ನು ತಮ್ಮನ ಕಡೆ ತಳ್ಳಿದಳು.

"ಒಂದೇ ಹಸು ಹಾಕು."

"ಎರಡು?"

"ಒಂದು!"

ಗಸ್ ನಾಲಿಗೆ ಕಚ್ಚಿಕೊಂಡು ಒಂದೇ ಹಸು ಹಾಕಿದ. ನಾಲ್ಕನೆಯ ತಲೆಬರಹವನ್ನು ಹ್ಯಾಟಿ ತಾನೇ ಟೈಪ್ ಮಾಡಿದಳು. ಅದನ್ನು ಹುಡುಕಲು ತಲೆ ಕೆರೆದುಕೊಳ್ಳಬೇಕಾಗಲಿಲ್ಲ. 'ಒಲ್ಲೆ ಎಂದ.'

ಮರುದಿನ ಚರ್ಚಿನಲ್ಲಿ ಗೋಣಿ ಹೊದ್ದ ಹಸು ಪರದೆಯ ಮೇಲೆ ಬಂದಾಗ ಹಿಂದಿನ ಬೆಂಚಿನ ಮಿಸೆಸ್ ಪೆಂಡರ್‌ಗ್ರಾಸ್ ನಕ್ಕ ರಭಸಕ್ಕೆ ಅವರ ಟೋಪಿ ಉರುಳಿತು. ಹ್ಯಾಟಿ ನಾಲ್ಕನೆಯ ಅಧ್ಯಾಯವನ್ನೂ ಹೇಳಿದಳು. ದೇವರ ಪ್ರಶ್ನೆಯನ್ನೂ ಹೇಳಿ ನಿಲ್ಲಿಸಿದಳು.

"ಆಮೇಲೆ?" ಮುಂದಿನ ಬೆಂಚಿನಿಂದ ಗಸ್ ಗಟ್ಟಿಯಾಗಿ ಕೇಳಿದ. "ಯೋನ ಏನಂದ?"

"ಅದು ಬರೆದಿಲ್ಲ. ಪುಸ್ತಕ ಅಲ್ಲಿಗೇ ಮುಗಿಯತ್ತೆ."

"ಹಾಗಾದ್ರೆ ಇನ್ನೂ ಹೊರಗೇ ಕೂತಿದಾನಾ?"

ಜನ ನಕ್ಕರು. ಹ್ಯಾಟಿ ಪರದೆಯತ್ತ ತಿರುಗಿ ನೋಡಿದಳು. ಕೊನೆಯ ತಲೆಬರಹದ ಕೆಳಗೆ ಏನೂ ಇರಲಿಲ್ಲ.

"ಇಲ್ಲ ಅನ್ಸತ್ತೆ," ಎಂದಳು ಮೆಲ್ಲಗೆ. "ಸ್ವಲ್ಪ ಹೊತ್ತು ಕೂತಿರ್ತಾನೆ. ಆಮೇಲೆ ಎದ್ದು ಅವರ ಹತ್ರ ಹೋಗಿರ್ತಾನೆ."

"ನಿಂಗೆ ಹೇಗೆ ಗೊತ್ತು?"

ಹ್ಯಾಟಿ ಮೈಕು ಕೆಳಗಿಟ್ಟು ಇಳಿದು ಬಂದಳು.

"ಸ್ವಲ್ಪ ಸರ್ಕೊ," ಎಂದಳು.

ಗಸ್ ಸರಿದು ಜಾಗ ಬಿಟ್ಟ.